ಕಾಕಾನ ಗಲ್ಲಕ್ಕೊಂದು ಕಲ್ಲು

ಆ ವಾರ ನನ್ನ ಎಡ ಮುಂಗೈಯ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ. ರೋಗವಲ್ಲ, ತರ್ಕ. ಕಾಕಾನ ಕ್ಷೌರದ ಕತ್ತಿಗೆ ಕಡೆಯ ಸಾಣೆಕಲ್ಲು ಯಾವುದಾಗಬೇಕೆಂಬ ಪ್ರಶ್ನೆಯ ವಿಚಾರಣೆಯನ್ನು ನಾನು ಅಲ್ಲಿ ನಡೆಸಿದ್ದೆ.

ಕಾಕಾ ಎಂದರೆ ಅಪ್ಪನ ತಮ್ಮ; ಓದಲೆಂದು ನಾನಿದ್ದದ್ದು ಅವರ ಮನೆಯಲ್ಲೇ. ಸಾಂಗಲಿ ಪೇಟೆಯಲ್ಲಿ ಪಾತ್ರೆ ಅಂಗಡಿ. ಪರದೇಶದ ಮಾಲಿಗೆ ಬಾಗಿಲು ತೆರೆದು, ಪಾನ್ ಅಂಗಡಿಗಳಲ್ಲಿ ಬಳಸಿ ಎಸೆಯುವ ರೇಜರ್‌ಗಳು ತೋರಣದಂತೆ ತೂಗಾಡತೊಡಗಿದಾಗ ಅವರೂ ಒಂದನ್ನು ತಂದರು. ಗಲ್ಲದ ತುಂಬ ಕೆಂಪು ಗುಳ್ಳೆ. ಅಜ್ಜನ ಮಡಿಸುವ ಕತ್ತಿಗೇ ಮರಳೋಣವೆಂದರೆ, ಹೊಸ ಫ್ಲ್ಯಾಟಿಗೆ ಸಾಮಾನು ಸಾಗಿಸುವಾಗ ಅದರ ಕಡೆಯ ಸಾಣೆಕಲ್ಲು ಒಡೆದುಹೋಗಿತ್ತು. ರವಿವಾರ ಮಗಳ ಸಾಖರಪುಡಾ. ನಿಶ್ಚಯಕ್ಕೆ ಬರುವ ಬೀಗರ ಮುಂದೆ ಗಡ್ಡವೂ ಕೂಡದು, ಗುಳ್ಳೆಯೂ ಕೂಡದು ಎಂದು ಕಾಕಾನ ಹೆಂಡತಿ ಕಾಕೂ ತೀರ್ಪು ಕೊಟ್ಟಾಗಿತ್ತು.

ಮೊದಲ ಕಲ್ಲುಗಳು ಅಲಗಿಗೆ ಹರಿತ ಕೊಡುತ್ತವೆ. ಕಡೆಯದು ಆ ಹರಿತಕ್ಕೆ ನಯ ಕಲಿಸುತ್ತದೆ. ಕಾಕಾ ಮಿರಜದ ಗುಜರಿಯಿಂದ ಒಂದು ಹಸಿರು ಕಲ್ಲು ತಂದರು. ಮುಟ್ಟಿದರೆ ಸಾಬೂನಿನಂತೆ ಜಾರುತ್ತಿತ್ತು. ಅದು ಕಾಶ್ಮೀರದ್ದೆಂದೂ ವಿಲಾಯತಿಯದೆಂದೂ ಮಾರಿದವನು ಒಂದೇ ಉಸಿರಿನಲ್ಲಿ ಹೇಳಿದ್ದನಂತೆ. ನಾನು ಊರ ಪಕ್ಕದ ಕುಪವಾಡದ ಕೈಗಾರಿಕಾ ವಸಾಹತಿನಿಂದ ಕಾರ್ಖಾನೆಯ ಬಿಳಿ ಕಲ್ಲು ತಂದೆ. ಮೈಮೇಲೆ ನಂಬರಿದೆ, ಕಣವೆಲ್ಲ ಒಂದೇ ಅಳತೆ. ತಾನು ಹುಟ್ಟಿದ ಬೆಟ್ಟವನ್ನೇ ಹೇಳಲಾಗದ ಕಲ್ಲನ್ನು ನಂಬುವುದಾದರೂ ಹೇಗೆ ಎಂದು ಊಟ ಆರುವವರೆಗೆ ವಾದಿಸಿದೆ.

ಕಾಕಾ ಕೈ ತೊಳೆದು ಬಂದು, "ಗೆದ್ದೀ ಬಿಡು. ಇನ್ನ ಮಸಿಯೋದೂ ನಿಂದ. ಗಲ್ಲ ಅಷ್ಟ ನಂದು" ಅಂದರು.

ಗೆದ್ದವನ ಸಂಕಟ ಅಲ್ಲಿಂದ ಶುರುವಾಯಿತು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಗೆ ಯಾವ ಪಕ್ಷ ಕೊಟ್ಟರೂ ಮಾತಾಡುತ್ತದೆ. ಎದುರಾಳಿಯೇ ಇಲ್ಲದಿದ್ದರೆ ತಾನೇ ಎದುರಾಳಿಯಾಗುತ್ತದೆ. ಬಿಳಿ ಕಲ್ಲಿಗೆ ಉಜ್ಜಿದೆ, ಮುಂಗೈ ಕೂದಲು ಹಾರಿತು. ಹಸಿರಿಗೆ ಉಜ್ಜಿದೆ, ಇನ್ನಷ್ಟು ಹಾರಿತು. ಆದರೆ ಎರಡನೆಯದಕ್ಕೆ ಮೊದಲನೆಯದರ ಪುಣ್ಯವೂ ಸೇರಿತ್ತಲ್ಲ? ಮತ್ತೆ ಬಿಳಿ. ಕೂತಲ್ಲಿ ಕೂರಲಾಗಲಿಲ್ಲ, ಓದಲಾಗಲಿಲ್ಲ. ಕಾಕೂ ನನ್ನ ತೋಳು ನೋಡಿ, ಸುಲಿದ ಬಾಳೆಹಣ್ಣಿನಂತಾಗಿದೆ ಎಂದು ನಕ್ಕರು. ನಮ್ಮ ದಿಗಂಬರ ಮುನಿಗಳು ತಲೆ, ಗಡ್ಡಗಳ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಅದನ್ನು ವೈರಾಗ್ಯವೆಂದು ತಿಳಿದಿದ್ದೆ. ಆ ವಾರ ಮಾತ್ರ, ಕಲ್ಲು ಆರಿಸುವ ತಾಪತ್ರಯವೇ ಬೇಡವೆಂದು ಯಾರೋ ಜಾಣರು ಕಂಡುಕೊಂಡ ದಾರಿ ಅನ್ನಿಸಿತು.

ರವಿವಾರ ಬೆಳಿಗ್ಗೆ ಕಾಕಾ ಟವೆಲ್ ಹೊದ್ದು, ನೊರೆ ಬಳಿದುಕೊಂಡು, ಕನ್ನಡಿ ಮುಂದೆ ಕೂತು ಹಿಂದಕ್ಕೆ ಕೈ ಚಾಚಿದರು. ಕತ್ತಿ ಕಡೆಯದಾಗಿ ಬಿಳಿ ಕಲ್ಲಿನ ಮೇಲೆ ಓಡಾಡಿತ್ತು. ಕೊಡಬೇಕೆನ್ನುವಾಗ ಅವರ ಕುತ್ತಿಗೆಯ ಸಡಿಲ ಚರ್ಮ ಕಂಡಿತು. ಅದರ ಮುಂದೆ ನನ್ನ ನಂಬರು, ಕಣ, ಅಳತೆ ಯಾವುವೂ ನಿಲ್ಲಲಿಲ್ಲ.

"ಒಂದ ನಿಮಿಷ ತಡೀರಿ ಕಾಕಾ" ಎಂದು ಬಚ್ಚಲಿಗೆ ಓಡಿ, ಮೊದಲು ನನ್ನ ಮೋರೆಯ ಮೇಲೆಯೇ ಎಳೆದೆ. ಅಲಗು ತುಟಿಯ ಮೂಲೆಯಲ್ಲಿ ತಡವರಿಸಿ ಕಚ್ಚಿತು. ರಕ್ತ ಒತ್ತಿಹಿಡಿದು, ಕತ್ತಿ ತೊಳೆದು, ಹಸಿರು ಕಲ್ಲಿನ ಮೇಲೆ ಮೆಲ್ಲಗೆ ಆಡಿಸಿ, ನಡೆದದ್ದು ಹೇಳಿ ತಂದುಕೊಟ್ಟೆ. ಕಾಕಾ ಗೀರಿಲ್ಲದೆ, ಗುಳ್ಳೆಯಿಲ್ಲದೆ ಎದ್ದರು. ಗಲ್ಲ ಸವರಿಕೊಂಡು, "ಆತು, ಝಕಾಸ್" ಅಂದರು.

ಬೀಗರು ಬಂದರು. ಸಕ್ಕರೆ ಹಂಚುವಾಗ ಹುಡುಗನ ತಂದೆ ನನ್ನ ತುಟಿಗಂಟಿದ ಹತ್ತಿ ನೋಡಿ ಏನಾಯಿತೆಂದು ಕೇಳಿದರು.

"ಏನಿಲ್ರಿ, ಇಬ್ಬರೂ ಒಂದೊಂದು ಕಲ್ಲ ತಂದಿದ್ವಿ" ಅಂದರು ಕಾಕಾ. "ನಂದು ಗೆದ್ದತು."

ಇದಕ್ಕೆ ನನ್ನ ಬಲವಾದ ಆಕ್ಷೇಪವಿತ್ತು. ಕಚ್ಚಿದ್ದು ಕಲ್ಲಿನ ದೋಷವೋ, ಮೋರೆಗೆ ಕತ್ತಿ ಹಿಡಿದೇ ಗೊತ್ತಿಲ್ಲದ ನನ್ನ ಕೈಯ ದೋಷವೋ? ಒಂದು ಬೆಳಗು, ಒಂದು ಗಾಯ; ಇಷ್ಟರಿಂದ ಏನೂ ಸಿದ್ಧವಾಗುವುದಿಲ್ಲ. ಈಗಲೂ ನನ್ನ ಮತ ಅದೇ. ಆದರೆ ಮಾತಾಡಲು ಹೋದರೆ ಗಾಯ ಬಿರಿಯುತ್ತಿತ್ತು. ಕಾಕಾ ನುಣ್ಣನೆಯ ಮುಖ ಹೊತ್ತು ಮನೆತುಂಬ ಓಡಾಡುತ್ತಿದ್ದರು. ನಾನು ಒಂದೊಂದೇ ಚಿಟಿಕೆ, ಅಳೆದು ಅಳೆದು ಸಕ್ಕರೆ ತಿಂದೆ.