ಸಂಶಯದ ಲಾಭ

ಅವ್ವನ ಎಡಗೈ ಮುರಿದದ್ದು ನಮ್ಮ ಗದ್ದೆಯ ಬದುವಿನ ಮೇಲೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದಳು. ಪಕ್ಕದ ಗದ್ದೆಯವನಿಗೂ ನಮಗೂ ಆ ಬದುವಿನ ವಿಷಯಕ್ಕೆ ಹಳೇ ಜಗಳ. ಅಪ್ಪ ತೀರಿಕೊಂಡ ಮೇಲೆ ಅವನಿಗೆ ಧೈರ್ಯ ಬಂದಿತ್ತು. ಗುದ್ದಲಿಯ ಕಾವಿನಿಂದ ಹೊಡೆದ. ಅಲ್ಲೇ ನೀರು ಕಟ್ಟುತ್ತಿದ್ದ ಚಿಕ್ಕಪ್ಪ ಓಡಿಬಂದು ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡರು. ಅವ್ವನನ್ನು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಕರೆದೊಯ್ದವರೂ ಅವರೇ.

ಅದು ತೊಂಬತ್ತರ ದಶಕದ ಶುರು. ನಾನಾಗ ಪಿಯುಸಿ ಓದುತ್ತಿದ್ದೆ. ಪೊಲೀಸರಿಗೆ ದೂರು ಕೊಟ್ಟ ದಿನದಿಂದ ಅವ್ವ ಪಿರ್ಯಾದಿ, ಅವನು ಆರೋಪಿ, ಚಿಕ್ಕಪ್ಪ ಕಣ್ಣಾರೆ ಕಂಡ ಸಾಕ್ಷಿ. ಆ ಪದಗಳು ಆಗ ನನಗೆ ಇಷ್ಟವಾಗಿದ್ದವು. ಯಾರು ಯಾರೆಂದು ಸರ್ಕಾರವೇ ಗುರುತಿಸಿ ಹೇಳಿದೆ ಎಂದುಕೊಂಡಿದ್ದೆ.

ಆಮೇಲೆ ಶುರುವಾದದ್ದು ವಾಯಿದೆ. ಆರೋಪಿಯ ವಕೀಲರಿಗೆ ಜ್ವರ, ವಾಯಿದೆ. ಡಾಕ್ಟರಿಗೆ ಸಮನ್ಸ್ ತಲುಪಿಲ್ಲ, ವಾಯಿದೆ. ಪ್ರತಿ ಸಲವೂ ಅವ್ವ ಮದುವೆಗೆ ಉಡುವ ಸೀರೆ ಉಟ್ಟು, ಬಸ್ಸಲ್ಲಿ ನಿಂತು ಹೋಗಿ, ಕೋರ್ಟಿನ ಹುಣಸೆಮರದ ಕೆಳಗೆ ಕೂತು ವಾಪಸ್ ಬರುತ್ತಿದ್ದಳು. ಅಷ್ಟರಲ್ಲಿ ನಾನು ಡಿಗ್ರಿಗೆ ಸೇರಿದ್ದೆ, ಅವಳ ಕೈ ಸೊಟ್ಟಗೆ ಕೂಡಿಕೊಂಡಿತ್ತು. ಜಾಮೀನು ತೆಗೆದುಕೊಂಡಿದ್ದ ಆ ಮನುಷ್ಯ ನಮ್ಮ ಬಾಗಿಲ ಮುಂದೆಯೇ ಬೀಡಿ ಸೇದಿಕೊಂಡು ಓಡಾಡುತ್ತಿದ್ದ.

ಕೊನೆಗೊಂದು ದಿನ ಅವ್ವ ಕಟಕಟೆ ಹತ್ತಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಆಮೇಲೆ ಪಾಟೀ ಸವಾಲು. ಆರೋಪಿಯ ವಕೀಲರು ನಗುತ್ತಲೇ ಕೇಳಿದರು: "ಎಮ್ಮೆ ಎಳೆದಾಗ ನೀವೇ ಬಿದ್ದು ಕೈ ಮುರಿದುಕೊಂಡಿರಿ. ಹಳೇ ದ್ವೇಷಕ್ಕೆ ಸುಳ್ಳು ಕೇಸು ಹಾಕಿದ್ದೀರಿ. ಸರಿ ತಾನೆ?"

"ಯಾನಂದ್ರಿ? ನಾ ಬಿದ್ನಾ? ಕರಿಘಟ್ಟದ ದ್ಯಾವ್ರಾಣೆಗೂ ಇವ್ನೇ ಒಡ್ದಿದ್ದು ಕಣ್ ಸ್ವಾಮಿ. ನಿಮ್ಮವ್ವುಂಗೆ ಇಂಗ್ ಒಡ್ದಿದ್ರೆ ಇಂಗೇ ನಕ್ಕಂಡ್ ಕೇಳ್ತಿದ್ರಾ?"

"ಕೇಳಿದ್ದಕ್ಕಷ್ಟೇ ಉತ್ತರ ಹೇಳಮ್ಮ" ಎಂದರು ನ್ಯಾಯಾಧೀಶರು. ಅವಳ ಅಷ್ಟೂ ಮಾತು ಕಳೆದು, 'ನಾನೇ ಬಿದ್ದು ಕೈ ಮುರಿದುಕೊಂಡೆನು ಎಂದರೆ ಸರಿಯಲ್ಲ' ಎಂಬ ಒಂದು ಸಾಲು ಟೈಪಾಯಿತು.

ಮುಂದಿನ ವಾಯಿದೆಗೆ ಚಿಕ್ಕಪ್ಪನ ಸರದಿ. ಸರ್ಕಾರಿ ವಕೀಲರು ಕೇಳಿದ್ದಕ್ಕೆ ಅವರು ನೆಲ ನೋಡಿಕೊಂಡು, "ನಾ ಅಲ್ಲಿರ್ನಿಲ್ಲ ಸ್ವಾಮಿ. ಗಲಾಟೆ ಕೇಳಿ ಆಮೇಕ್ ಬಂದಿದ್ದು" ಎಂದುಬಿಟ್ಟರು.

ಪಕ್ಕದಲ್ಲಿ ನಿಂತಿದ್ದ ವಕೀಲರ ಗುಮಾಸ್ತ ನನ್ನ ಕಡೆ ಬಾಗಿ, "ಪ್ರತಿಕೂಲ ಸಾಕ್ಷಿ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳುಗಾರ ಅನ್ನುವುದಕ್ಕೆ ಎಂಥಾ ಮರ್ಯಾದೆಯ ಹೆಸರು!

ಆಮೇಲೆ ಬಂದ ಡಾಕ್ಟರು, ಬಿದ್ದರೂ ಇಂಥ ಗಾಯ ಆಗಬಹುದು ಎಂದರು. ತೀರ್ಪು ಬಂತು. ಸಂಶಯದ ಲಾಭವನ್ನು ನೀಡಿ ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ.

ಹೊರಗೆ ಬಂದು ಅವ್ವ, "ಏನಂದ್ರು ಮಗಾ?" ಎಂದಳು.

"ಬುಟ್ಬುಟ್ರು ಕಣವ್ವ. ಅವ್ನೇ ಒಡ್ದ ಅನ್ನೋದು ಅನುಮಾನ ಇಲ್ದಂಗೆ ರುಜುವಾತಾಗ್ಲಿಲ್ವಂತೆ."

"ಯಾರ್ಗಂತೆ ಅನುಮಾನ? ಒಡುಸ್ಕಂಡೋಳು ನಾನು. ನಂಗಿಲ್ವಲ್ಲ."

ನಿರಪರಾಧಿ ಯಾರೂ ಜೈಲಿಗೆ ಹೋಗಬಾರದೆಂದೇ ಆ ನಿಯಮ ಇರುವುದು ಎಂದು ಆಮೇಲೆ ಓದಿ ತಿಳಿದುಕೊಂಡೆ. ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಸಂಶಯವನ್ನು ಕೈಯಾರೆ ತಯಾರು ಮಾಡಿಕೊಟ್ಟವರ ಮೇಲೆ.

ಮರುವಾರ ಚಿಕ್ಕಪ್ಪ ಮನೆಗೆ ಬಂದರು. ಅವ್ವ ಏನೂ ಆಗಿಲ್ಲವೆಂಬಂತೆ ಕಾಫಿ ಮಾಡಿ ತಂದಿಟ್ಟಳು.

"ಯಾಕ್ ಚಿಕ್ಕಪ್ಪ ಅಂಗಂದ್ರಿ?" ಎಂದು ಕೇಳಿದೆ.

"ನಾಲೆ ನೀರು ಅವ್ನ ಗದ್ದೆ ದಾಟೇ ನನ್ ಗದ್ದೆಗ್ ಬರ್ಬೇಕು ಕಣ್ ಮಗಾ. ನಾಳೆ ಅವ್ನು ಅಡ್ಡ ಕಟ್ಬುಟ್ರೆ ನಾ ಯಾನ್ ಮಾಡ್ಲಿ?"

"ಅವ್ವನ್ ಕೈಗೆ ಏನ್ ಹೇಳ್ತೀರಿ?"

ಅವರು ಲೋಟಕ್ಕೆ ಕೈ ಚಾಚಿದರು. ನಾನು ಅದನ್ನು ಎತ್ತಿಕೊಂಡು ಹೋಗಿ ಅಂಗಳಕ್ಕೆ ಸುರಿದೆ.

"ಏನಮ್ಮಿ ಇದು? ಮನೆಗ್ ಬಂದೋರ್ಗೆ ಇಂಗಾ ಮಾಡೋದು?" ಎಂದು ಅವ್ವ ನನ್ನನ್ನೇ ಗದರಿ, ಮತ್ತೆ ಒಲೆಯ ಮೇಲೆ ಹಾಲಿಟ್ಟಳು. ಚಿಕ್ಕಪ್ಪ ಕಾಯದೆ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಆಮೇಲೆ ಎಷ್ಟೋ ಮದುವೆ, ತಿಥಿಗಳಲ್ಲಿ ಎದುರಾಗಿದ್ದಾರೆ. ಅವ್ವ ಮಾತಾಡಿಸುತ್ತಾಳೆ. ನಾನು ಮಾತಾಡಿಸಿಲ್ಲ.