ರಿಪೇರಿಯಾಗಿ ಬಂದ ತುಪಾಕಿ

1985ರಲ್ಲಿ ನಾನು ಕೊಯಮತ್ತೂರಿನ ಒಂದು ಬಂದೂಕಿನ ಅಂಗಡಿಯಲ್ಲಿ ಆರ್ಮರರ್ ಆಗಿದ್ದೆ. ಎಂದರೆ ಬಂದೂಕು ಬಿಚ್ಚಿ, ಪರೀಕ್ಷಿಸಿ, ರಿಪೇರಿ ಮಾಡುವವನು. ಹಳೆಯ ಬಂದೂಕಿನ ವಯಸ್ಸು, ಬೆಲೆ ತಿಳಿಯಬೇಕಾದರೆ ಲೈಸೆನ್ಸ್ ಕೊಡುವ ಕಚೇರಿಯವರು ನಮ್ಮಲ್ಲಿಗೆ ಕಳುಹಿಸುತ್ತಿದ್ದರು. ತಂದವರೆಲ್ಲ ತಮ್ಮದು ಪಾಳೆಯಗಾರರ ಕಾಲದ್ದು ಎನ್ನುವವರೇ. ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿತ್ತು.

ಆ ವರ್ಷ ಧಾರಾಪುರಂ ಕಡೆಯ ರೈತರ ಮನೆಯ ನಂಜಮ್ಮ ಎಂಬುವರು ತಮ್ಮನೊಂದಿಗೆ ಬಂದರು. ತಮ್ಮ ರಂಗಸಾಮಿ ನಮ್ಮೂರಿನ ಗಣಪತಿ ಎಂಬ ಬಡಾವಣೆಯ ಪಂಪ್ ವರ್ಕ್‌ಶಾಪಿನಲ್ಲಿ ಲೇತ್ ಕೆಲಸಗಾರ. ನನ್ನೊಡನೆ ತಮಿಳಾಡಿದವರು ತಮ್ಮೊಳಗೆ ಕನ್ನಡಕ್ಕೆ ತಿರುಗಿದರು. ನಮ್ಮ ಮನೆಯ ಮಾತೂ ಅದೇ ಆದ್ದರಿಂದ ನಾನೂ ಕನ್ನಡದಲ್ಲೇ ಬಾಯಿ ತೆರೆದೆ.

ನಂಜಮ್ಮನ ಗಂಡ ತೀರಿಕೊಂಡಿದ್ದರು. ಅವರ ಬಂದೂಕಿನ ಲೈಸೆನ್ಸ್ ಆಕೆಯ ಹೆಸರಿಗೆ ಆಗಿರಲಿಲ್ಲ. ಬಂದೂಕು ಬಹಳ ಹಳೆಯದು, ರಿಪೇರಿ ಮಾಡಿದರೂ ಗುಂಡು ಹಾರುವುದಿಲ್ಲ ಎಂದು ವರದಿಯಾದರೆ ಮಾತ್ರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತು. ಹಾರುವಂತಿದ್ದರೆ ಸರ್ಕಾರದ ವಶಕ್ಕೆ.

“ಆಯುಧಪೂಜೆ ದಿನ ಅವ್ರೇ ಅದಕ್ಕೆ ಕುಂಕುಮದ ಪೊಟ್ಟು ಇಡ್ತಿದ್ರು ಸಾರ್. ಅವ್ರಂತೂ ಹೋದ್ರು, ತುಪ್ಪಾಕಿಯಾದ್ರೂ ಮನೇಲಿರ್ಲಿ,” ಎಂದರು ನಂಜಮ್ಮ.

ಅವರು ಬಂದೂಕು ಸುತ್ತಿ ತಂದಿದ್ದ ಗೋಣಿ ಬಿಚ್ಚಿದೆ. ಬಂದೂಕು ಹೊಸ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಹಳೆಯ ಬಂದೂಕಿಗೆ ಬೆಲೆ ಬರುವುದೇ ಕಾಲ ಹಚ್ಚಿದ ಕಪ್ಪಿನಿಂದ. ಅದನ್ನು ಉಜ್ಜಿ ತೆಗೆದಿದ್ದರು.

“ಕೆಟ್ಟೋದ ಸಾಮಾನನ್ನ ಪೂಜೆಗೂ ಇಡಲ್ಲ, ಆಪೀಸಿಗೂ ಕೊಡಲ್ಲ ಸಾರ್. ನಮ್ಮ ಪಟ್ಟರೆಯ ಲೇತ್‌ನಲ್ಲಿ ನಾನೇ ಸರಿ ಮಾಡ್ದೆ,” ಎಂದ ರಂಗಸಾಮಿ, ಹೆಮ್ಮೆಯಿಂದ.

ಅದು ನಳಿಕೆಯ ಬಾಯಿಂದ ಮದ್ದು ತುಂಬುವ ಬಂದೂಕು. ನಳಿಕೆಯನ್ನು ಮರದಿಂದ ಬಿಡಿಸಿದೆ. ಹೊಳಪು ಕೊಡುವ ಬಫಿಂಗ್ ಚಕ್ರ ಮುಟ್ಟದ ತಳಭಾಗದಲ್ಲಿ ಪ್ರೂಫ್ ಮಾರ್ಕ್ ಉಳಿದಿತ್ತು. ಹೆಚ್ಚು ಮದ್ದು ಹಾಕಿ ಹಾರಿಸಿ, ನಳಿಕೆ ಒಡೆಯದಿದ್ದರೆ ಒತ್ತುವ ಮುದ್ರೆ ಅದು. ಮುದ್ರೆಯ ಮಾದರಿ ನೋಡಿದರೆ ಇಂಗ್ಲೆಂಡಿನದು, ನೂರು ವರ್ಷ ದಾಟಿದ್ದು. ವಯಸ್ಸಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಉಳಿದದ್ದು ನಿಪ್ಪಲ್, ಅಂದರೆ ಕಿಡಿ ಒಳಗೆ ಇಳಿಯುವ ಸಣ್ಣ ಕೊಳವೆ. ತುಕ್ಕು ಹಿಡಿದು ಮುಚ್ಚಿಹೋಗಿದ್ದ ಹಳೆಯದನ್ನು ರಂಗಸಾಮಿ ಕೊರೆದು ತೆಗೆದು ಹೊಸದನ್ನು ಕಡೆದು ಕೂರಿಸಿದ್ದ. ಸ್ಪ್ರಿಂಗೂ ಹೊಸದು. ನಳಿಕೆಯನ್ನು ಮತ್ತೆ ಮರಕ್ಕೆ ಕೂರಿಸಿ, ಮದ್ದಿಲ್ಲದೆ, ಬಡಿದರೆ ಕಿಡಿ ಕೊಡುವ ಕ್ಯಾಪ್ ಒಂದನ್ನೇ ಇಟ್ಟು, ನಳಿಕೆಯ ಬಾಯಿಗೆ ಹತ್ತಿ ಹಿಡಿದು ಬಂದೂಕಿನ ಕುದುರೆ ಎಳೆದೆ. ಚಟ್ಟನೆ ಸಿಡಿಯಿತು, ಹತ್ತಿ ಹಾರಿತು. ರಂಗಸಾಮಿ ನಗುತ್ತಾ ಟೀ ತರಲು ಹೋದ.

ರಿಪೇರಿಯಾಗದು ಎಂದು ಇನ್ನು ಹೇಗೆ ಬರೆಯಲಿ? ರಿಪೇರಿಯಾಗಿ ಮೇಜಿನ ಮೇಲಿತ್ತು. ನಂಜಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಮುಟ್ಟದೆ ತಂದಿದ್ರೆ ಉಳೀತಿತ್ತಾ ಸಾರ್?”

“ಉಳೀತಿತ್ತಮ್ಮಾ.”

ಆಕೆ ಅಳಲಿಲ್ಲ. ಹೊರಗೆ ರಂಗಸಾಮಿಯ ಹೆಜ್ಜೆ ಸದ್ದಾದಾಗ ಆಕೆ ತಗ್ಗಿದ ದನಿಯಲ್ಲಿ ಹೇಳಿದರು: “ನಮ್ಮ ತಂಬಿ ರಂಗಸಾಮಿಗೆ ಇದನ್ನ ಹೇಳ್ಬೇಡಿ.”

ರಂಗಸಾಮಿ ಟೀ ಇಟ್ಟು, “ಕೆಲಸ ಹೆಂಗಿದೆ ಸಾರ್?” ಎಂದ.

“ಬಲು ಚೆನ್ನಾಗಿದೆ,” ಎಂದೆ. ಅದು ನಿಜವೇ ಆಗಿತ್ತು.

“ನೂರು ವರ್ಷದ್ದಂತೆ ತಂಬಿ, ಅದಕ್ಕೇ ಸರ್ಕಾರದವ್ರು ಕೇಳ್ತಾರಂತೆ,” ಎಂದರು ನಂಜಮ್ಮ. ಅವನ ಮುಖ ಅರಳಿತು.

ವಯಸ್ಸು ನೂರಕ್ಕೂ ಮೇಲೆ, ಬೆಲೆ ಅತ್ಯಲ್ಪ, ಬಳಕೆಗೆ ಯೋಗ್ಯ ಎಂದು ವರದಿ ಬರೆದೆ. ವರದಿಯಲ್ಲಿ ಸುಳ್ಳು ಇರಬಾರದೆಂದು ನನ್ನ ವೃತ್ತಿ ಮೊದಲೇ ಕಲಿಸಿತ್ತು. ವರದಿಯಲ್ಲಿರುವ ನಿಜವನ್ನೆಲ್ಲ ಎಲ್ಲರಿಗೂ ಬಿಡಿಸಿ ಹೇಳಬೇಕಾಗಿಲ್ಲ ಎಂಬುದನ್ನು ಕಲಿಸಿದವರು ನಂಜಮ್ಮ.