ಬಂದಿಲ್ಲದವಳ ಹಾಜರಿ

ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ನಮ್ಮ ಶಾಲೆಯ ದೊಡ್ಡ ಸಿಸ್ಟರ್ ಒಮ್ಮೆ ಹೊಗಳಿದರು. ಆ ಹೊಗಳಿಕೆಯ ದಂಡವನ್ನು ನಾನು ಇವತ್ತಿಗೂ ತೆರುತ್ತಿದ್ದೇನೆ. ಶಿಡ್ಲಘಟ್ಟದವರು ಬರೀ ‘ಕಾನ್ವೆಂಟು’ ಎಂದು ಕರೆಯುವ ನಮ್ಮ ಶಾಲೆಗೆ ಪ್ರತಿ ವರ್ಷ ಎಲ್‌ಕೆಜಿಗೆ ಸೇರುವ ಅಷ್ಟೂ ಮಕ್ಕಳ ಹೆಸರಿನ ಕಾರ್ಡು ಬರೆಯುವವಳು ನಾನೇ, ಆ ಮಕ್ಕಳ ಮಿಸ್ಸೂ ನಾನೇ.

ಪಾಠ ಶುರುವಾಗುವುದಕ್ಕೆ ಎರಡು ದಿನ ಮುಂಚೆ ಮನೆಯವರನ್ನೆಲ್ಲ ಕರೆದು ಸ್ವಾಗತ ಮಾಡುವುದು ಸಿಸ್ಟರ್ ಇಟ್ಟುಕೊಂಡಿರುವ ಪದ್ಧತಿ. ಬರುವವರು ಬಹುತೇಕ ನಮ್ಮ ಹಾಗೆ ಹೊಲ ಮನೆಯ ಹಿಂದೂಗಳು. ಒಂದು ಕೂಸಿನ ಹಿಂದೆ ಒಂದು ಟೆಂಪೋ ಜನ. ಯೇಸುವಿನ ಪಟದ ಮುಂದೆ ಚಪ್ಪಲಿ ಬಿಟ್ಟು, ಕೆನ್ನೆ ಬಡಿದುಕೊಂಡು, ತೀರ್ಥ ಕೊಡುವವರು ಯಾರು ಎಂದು ಸುತ್ತ ನೋಡುತ್ತಾರೆ. ಮೇಜಿನ ಮೇಲೆ ಒಂದು ದಪ್ಪ ಮೇಣದ ಬತ್ತಿ ಉರಿಯುತ್ತಿರುತ್ತದೆ. ನಾನು ಮೈಕಿನಲ್ಲಿ ಹೆಸರು ಕರೆಯುತ್ತೇನೆ, ತಾಯಿ ಮಗುವಿನ ಕೈ ಹಿಡಿದು ಬರುತ್ತಾಳೆ, ಸಿಸ್ಟರ್ ತಲೆ ಮುಟ್ಟಿ ಆಶೀರ್ವಾದ ಮಾಡುತ್ತಾರೆ, ನಾನು ಎದೆಗೆ ಕಾರ್ಡು ಚುಚ್ಚುತ್ತೇನೆ. ಅಷ್ಟೇ ಕಾರ್ಯಕ್ರಮ, ಆಮೇಲೆ ಕೇಸರಿಬಾತು.

ಹೋದ ವರ್ಷ ಒಂದು ಹೆಸರು ಕರೆದಾಗ ಯಾರೂ ಬರಲಿಲ್ಲ. ಮೂರು ಸಲ ಕರೆದೆ. ಹಾಲ್‌ನಲ್ಲಿ ಅಷ್ಟು ಜನ ಗಲಗಲ ಎನ್ನುತ್ತಿದ್ದವರು ಮೂರನೇ ಸಲಕ್ಕೆ ಯಾಕೋ ಸುಮ್ಮನಾದರು. ಆ ಕಾರ್ಡು ನನ್ನ ಕೈಯಲ್ಲೇ ಉಳಿಯಿತು. ನಾಲ್ಕು ದಿನದ ಮೇಲೆ ಆ ಮಗುವಿನ ತಂದೆ ಬಂದು, ಮಗೂಗೆ ಹುಷಾರಿಲ್ಲ, ಸೀಟು ಬರೋ ವರ್ಷಕ್ಕೆ ಇಟ್ಕೊಳ್ಳಿ ಎಂದು ಹೇಳಿ ಹೋದನಂತೆ. ಈ ವರ್ಷದ ಪಟ್ಟಿಯಲ್ಲಿ ಅದೇ ಹೆಸರು ಬಂದಾಗ ಹೊಸ ಕಾರ್ಡು ಯಾಕೆ ಹಾಳು ಮಾಡಲಿ ಎಂದು ಡ್ರಾದಲ್ಲಿದ್ದ ಹಳೆಯದನ್ನೇ ತೆಗೆದೆ. ಜುಗ್ಗತನ ನಮ್ಮ ಮನೆತನದಲ್ಲೇ ಬಂದದ್ದು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಈ ಸಲ ಅದನ್ನು ಕರೆದಾಗ ಒಬ್ಬ ತಾಯಿ ಎದ್ದು ಬಂದಳು. ದಿಬ್ಬೂರಹಳ್ಳಿಯ ಕಡೆಯವಳು, ಇನ್ನೂ ಚಿಕ್ಕ ವಯಸ್ಸು. ಅವಳ ಕೈ ಹಿಡಿದಿದ್ದ ಹುಡುಗಿಗೆ ಯೂನಿಫಾರಂ ಪಾದದ ತನಕ ಇಳಿದಿತ್ತು. ಐದು ತುಂಬಿದೆ ಎಂದು ಜನನ ಪತ್ರ ಹೇಳುತ್ತಿತ್ತು, ಮಗು ನೋಡಿದರೆ ಮೂರೂವರೆಯ ಹಾಗಿತ್ತು. ನಾನು ಬಗ್ಗಿ ಕಾರ್ಡು ಚುಚ್ಚುವಾಗ ಮಗು ಅದರ ಮೇಲಿನ ಬರಹವನ್ನೇ ನೋಡುತ್ತಾ ಮೆಲ್ಲಗೆ ಹೇಳಿತು:

“ಪೆದ್ದ ಪಾಪ ರಾಲೇದು.”

ನಮ್ಮ ಸಿಸ್ಟರ್ ಮಂಗಳೂರಿನ ಕಡೆಯವರು. ಅವರ ಕಿವಿಗೆ ಬಿದ್ದದ್ದು ‘ಪೆದ್ದ’ ಒಂದೇ.

“ಅಲ್ಲಮ್ಮ, ಮನೆಯಲ್ಲಿ ಮಗುವನ್ನು ಪೆದ್ದ ಅಂತ ಕರೆಯುವುದಾ? ಹಾಗೆಲ್ಲ ಹೇಳಬಾರದು. ಅದು ಮನಸ್ಸಿಗೆ ಕೂತುಬಿಡ್ತದೆ.”

“ಇಲ್ಲ ಸಿಸ್ಟರ್. ಇನ್ಮೇಲೆ ಕರಿಯಲ್ಲ,” ಎಂದಳು ತಾಯಿ. ಹೇಳಿ ನನ್ನ ಮುಖ ನೋಡಿದಳು.

ನಾನು ಪೆರೇಸಂದ್ರದವಳು. ನಮ್ಮ ಕಡೆ ಅಡುಗೆಮನೆಯಲ್ಲಿ ಕನ್ನಡ, ಹಿತ್ತಿಲಲ್ಲಿ ತೆಲುಗು. ತೆಲುಗಿನ ಪೆದ್ದ ಎಂದರೆ ದೊಡ್ಡದು. ದೊಡ್ಡ ಪಾಪು ಬಂದಿಲ್ಲ ಎಂದು ಹೇಳಿತ್ತು ಆ ಮಗು. ನನಗೆ ಅರ್ಥವಾಯಿತು ಎಂದು ತಾಯಿಗೂ ಅರ್ಥವಾಯಿತು. ಆದರೂ ಹಿಂದೆ ಸಾಲಿನಲ್ಲಿ ಅಷ್ಟೊಂದು ಜನ ಕಾಯುತ್ತಿದ್ದರು, ಊರ ಉಸಾಬರಿ ನನಗ್ಯಾಕೆ ಎಂದುಕೊಂಡು ಮುಂದಿನ ಹೆಸರು ಕರೆದೆ.

ಸೋಮವಾರ ಹಾಜರಿ ಕರೆಯುವಾಗ ಆ ಹೆಸರು ಬಂತು. “ಬಂದಿಲ್ಲ ಮಿಸ್,” ಎಂದಳು ಆ ಹುಡುಗಿಯೇ.

“ಹಂಗಾದ್ರೆ ನೀನ್ಯಾರಮ್ಮ?”

“ನಾನು ಚಿನ್ನ ಪಾಪ.”

ತೆಲುಗಿನಲ್ಲಿ ಚಿನ್ನ ಎಂದರೆ ಚಿಕ್ಕದು. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್‌ಗೆ ಮಾತ್ರ ಬಹಳ ಸಂತೋಷವಾಯಿತು. “ನೋಡಿ ಟೀಚರ್, ನಾನು ಹೇಳಿದ ಮೇಲೆ ಮನೆಯವರು ಚಿನ್ನ ಅಂತ ಕರೆಯುವುದಕ್ಕೆ ಶುರು ಮಾಡಿದ್ದಾರೆ,” ಎಂದರು. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಮಗುವಿನ ಸೀಟು ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ವಿಷಯ ಏನೆಂದು ತಿಳಿದುಕೊಳ್ಳುವುದಕ್ಕೇ ನನಗೆ ಹೆದರಿಕೆಯಿತ್ತು.

ದಿನವೂ ಇದೇ ಆಯಿತು. ನಾನು ಆ ಹೆಸರು ಕರೆಯುವುದು, ಅವಳು ಬಂದಿಲ್ಲ ಎನ್ನುವುದು, ನಾನು ಬಂದಿದ್ದಾಳೆ ಎಂದು ಗುರುತು ಹಾಕುವುದು. ಎರಡು ವಾರದಲ್ಲಿ ಉಳಿದ ಮಕ್ಕಳೂ ಕಲಿತವು. ಹೆಸರು ನನ್ನ ಬಾಯಿಂದ ಬೀಳುತ್ತಿದ್ದ ಹಾಗೇ ಇಡೀ ಕ್ಲಾಸು ರಾಗವಾಗಿ “ಬಂದಿಲ್ಲಾ ಮಿಸ್” ಎನ್ನುತ್ತಿತ್ತು. ಕಿಟಕಿಯ ಆಚೆ ತಾಯಿ ನಿಂತಿರುತ್ತಿದ್ದಳು. ಬೇರೆ ತಾಯಂದಿರು ಮಗುವಿನ ಅಳು ನಿಲ್ಲುವ ತನಕ ನಿಲ್ಲುತ್ತಾರೆ. ಇವಳ ಮಗು ಅಳುತ್ತಲೇ ಇರಲಿಲ್ಲ. ಆ ಹೆಸರು ಕರೆಯುವ ತನಕ ಕಂಬಿ ಹಿಡಿದು ನಿಂತಿದ್ದು, ಕರೆದ ಮೇಲೆ ಕಣ್ಣು ಮುಚ್ಚಿ ತೆಗೆದು, ಹೊರಟುಹೋಗುತ್ತಿದ್ದಳು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅವಳು ಕಿಟಕಿಗೆ ಬರಲಿಲ್ಲ. ಮೋಡ ಕವಿದಿತ್ತು, ಕರೆಂಟು ಹೋಗಿತ್ತು. ಹೆಸರು ಕರೆದೆ. ಯಾವ ಮಗುವೂ ರಾಗ ಎಳೆಯಲಿಲ್ಲ.

“ಇವತ್ತು ಬಂದವ್ಳೆ ಮಿಸ್,” ಎಂದಳು ಚಿಕ್ಕವಳು, ಖುಷಿಯಾಗಿ.

ಅವಳ ಪಕ್ಕ, ಬೆಂಚಿನ ನಡುವೆ, ಒಂದು ಮಗು ಕೂರುವಷ್ಟು ಜಾಗ ಖಾಲಿಯಿತ್ತು. ಅದರ ಆಚೆಯ ಹುಡುಗಿ ಬೆಂಚಿನ ತುದಿಗೆ ಬಂದು, ಒಂದು ಕಾಲು ನೆಲಕ್ಕೆ ಊರಿಕೊಂಡು, ಬೀಳುವ ಹಾಗೆ ಕೂತಿದ್ದಳು.

“ಯಾಕೆ ಹಂಗೆ ಕೂತಿದೀಯ? ಒಳಗೆ ಸರ್ಕೊಳಮ್ಮ.”

“ಜಾಗ ಇಲ್ಲ ಮಿಸ್,” ಎಂದಳು ಆ ಹುಡುಗಿ.

ದೆವ್ವ ಗಿವ್ವದಲ್ಲಿ ನನಗೆ ನಂಬಿಕೆಯಿಲ್ಲ, ಭಯ ಮಾತ್ರ ಇದೆ. ಹೋಗಿ ಆ ಜಾಗದ ಮೇಲೆ ಕೈಯಿಟ್ಟು ನೋಡಬೇಕು ಎಂದು ಎದ್ದೆ. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟೆ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದವು. ಕೈ ಇಡಲಿಲ್ಲ. ಅವತ್ತು ಮಕ್ಕಳೆಲ್ಲ ಯಾಕೆ ಸುಮ್ಮನಿದ್ದವು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಶನಿವಾರವೇ ದಿಬ್ಬೂರಹಳ್ಳಿಯ ಬಸ್ಸು ಹತ್ತಿದೆ. ಎಲ್‌ಕೆಜಿ ಮಕ್ಕಳ ಮನೆಗೆ ವರ್ಷಕ್ಕೊಮ್ಮೆ ಹೋಗಿ ಬರಬೇಕು ಎನ್ನುವ ನಿಯಮ ನೆಪಕ್ಕೆ ಇತ್ತು. ಅವರದು ರೇಷ್ಮೆಯ ಮನೆ. ಹುಳು ಪೊರೆ ಬಿಡುವ ಕೊನೆಯ ಜ್ವರ ಕಳೆದು ಎದ್ದಿದ್ದವು. ಆಗ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹುಳುಮನೆಯ ಒಳಗೆ ಹೊರಗಿನವರನ್ನು ಬಿಡುವುದಿಲ್ಲ. ಜಗಲಿಯಲ್ಲಿ ಕೂತರೆ ಗೋಡೆಯ ಆಚೆ ಅವು ಮೇಯುವ ಸದ್ದು ಒಂದೇ ಸಮ ಕೇಳುತ್ತಿತ್ತು, ಸೀರೆ ಸವರಿಕೊಂಡು ಯಾರೋ ಓಡಾಡಿದ ಹಾಗೆ. ಅಜ್ಜಿ ಕಾಫಿ ಕೊಟ್ಟು ಎದುರಿಗೆ ಕೂತಳು. ಮಗು ಅವಳ ತೊಡೆಯ ಮೇಲಿತ್ತು.

“ಪೆದ್ದ ಪಾಪ ಬಾಗಾ ಚದುವುತೋಂದಾ ಅಮ್ಮಾ?” ಎಂದು ಕೇಳಿದಳು ಅಜ್ಜಿ. ದೊಡ್ಡ ಪಾಪು ಚೆನ್ನಾಗಿ ಓದ್ತಾ ಇದ್ದಾಳಾ ಎಂದು.

ಮಗುವಿನ ತಲೆಯ ಮೇಲಿಂದ ಅಜ್ಜಿಯ ಕಣ್ಣು ನನ್ನನ್ನು ಬೇಡುತ್ತಿತ್ತು. ಏನು ಹೇಳಬೇಕು ಎಂದು ಯೋಚಿಸುವಷ್ಟರಲ್ಲಿ ನನ್ನ ನಾಲಿಗೆ ಹೂಂ, ಚೆನ್ನಾಗಿ ಓದ್ತಾಳೆ ಎಂದು ಹೇಳಿಬಿಟ್ಟಿತ್ತು. ಮಗು ಕತ್ತೆತ್ತಿ ನನ್ನನ್ನು ನೋಡಿತು. ದಿನಾ ಬಂದಿಲ್ಲ ಎಂದು ತಾನು ಹೇಳುವುದನ್ನು ಕೇಳಿಸಿಕೊಳ್ಳುವ ಮಿಸ್ಸೇ ಹೀಗೆ ಹೇಳುತ್ತಿದ್ದಾಳೆ. ಅಂಥ ನೋಟವನ್ನು ನಾನು ಯಾವ ಮಗುವಿನ ಮುಖದಲ್ಲೂ ಕಂಡಿರಲಿಲ್ಲ.

ತಾಯಿ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತು, ನಾನು ಕೇಳುವ ಮುಂಚೆಯೇ ಹೇಳಿದಳು.

“ದೊಡ್ಡೋಳು ಮೂರೇ ದಿನದ ಜ್ವರ ಮಿಸ್. ನೀವು ಸ್ವಾಗತ ಅಂತ ಕರೆದಿದ್ರಲ್ಲ ಹೋದ ವರ್ಷ, ಅದರ ಹಿಂದಿನ ದಿನ ಮಣ್ಣು ಮಾಡಿದ್ವಿ. ಯೂನಿಫಾರಂ ಹೊಲಿಸಿ ಆಗಿತ್ತು. ಇವಳು ಅಕ್ಕ ಎಲ್ಲಿ, ಅಕ್ಕ ಎಲ್ಲಿ ಅಂತ ಪ್ರಾಣ ತಿಂತಿದ್ಲು. ಸ್ಕೂಲಿಗೆ ಹೋಗವ್ಳೆ ಅಂದ್ವಿ. ಏನನ್ನಾಣ ಮತ್ತೆ?”

ಚಿಕ್ಕವಳು ಹುಟ್ಟಿದ್ದು ಕೆಂಚಾರ್ಲಹಳ್ಳಿಯಲ್ಲಿ, ತಾಯಿಯ ತವರಿನಲ್ಲಿ. ಜನನ ಬರೆಸಿರಲಿಲ್ಲ. ತೊಟ್ಟಿಲಿಗೆ ಹಾಕಿದ ದಿನ ಒಂದು ಹೆಸರಿಟ್ಟಿದ್ದರು. ದೊಡ್ಡವಳು ಹೋದ ಮೇಲೆ ದೃಷ್ಟಿಯಾದೀತು ಎಂದು ಅದನ್ನು ಯಾರೂ ಕರೆಯಲಿಲ್ಲ. ದೊಡ್ಡವಳ ಸಾವನ್ನೂ ಬರೆಸಿರಲಿಲ್ಲ. ಅವಳ ಸೀಟು ಇತ್ತು, ಜನನ ಪತ್ರ ಇತ್ತು. ಇರೋದು ಇದ್ದಂಗೆ ನಡೀಲಿ ಎಂದು ಗಂಡ ಹೇಳಿದನಂತೆ.

“ಮನೇಲಿ ಯಾರೂ ದೊಡ್ಡೋಳ ಹೆಸರು ಎತ್ತಲ್ಲ ಮಿಸ್. ನಿಮ್ಮ ಬಾಯಲ್ಲಿ ದಿನಾ ಒಂದ್ಸಲ ಕೇಳಿಸ್ಕೊಂಡ್ರೆ ಆವತ್ತು ಅನ್ನ ಇಳೀತದೆ.”

ನಾನು ಅತ್ತೆ. ಅಳುತ್ತಲೇ ಬಸ್ಸು ಹತ್ತಿದೆ.

ನನ್ನ ಸುಳ್ಳು ಸೋಮವಾರವೇ ಕೆಲಸ ಮಾಡಿತು. ಹಾಜರಿಯಲ್ಲಿ ಚಿಕ್ಕವಳು ಬಂದಿಲ್ಲ ಎನ್ನಲಿಲ್ಲ, ತುಟಿ ಬಿಗಿದು ಕೂತಳು. ಹನ್ನೊಂದು ಗಂಟೆಯ ಬಿಡುವಿನಲ್ಲಿ ಕಾಣೆಯಾದಳು. ಹುಡುಕಿಕೊಂಡು ಹೋದರೆ ಮೇಲಿನ ತರಗತಿಗಳ ಕಾರಿಡಾರಿನಲ್ಲಿದ್ದಳು. ಪ್ರತಿ ಕಿಟಕಿಯ ಕೆಳಗೆ ತುದಿಗಾಲಲ್ಲಿ ನಿಂತು, ಒಳಗಿನ ಮುಖ ಒಂದೊಂದನ್ನೂ ನೋಡಿ, ಮುಂದಿನ ಕಿಟಕಿಗೆ ಹೋಗುತ್ತಿದ್ದಳು. ಸದ್ದಿಲ್ಲ, ಅಳುವಿಲ್ಲ. ಮರುದಿನವೂ ಹಾಗೇ. ಮೂರನೇ ದಿನ ಸಿಸ್ಟರ್‌ಗಳು ಪ್ರಾರ್ಥನೆ ಮಾಡುವ ಚಾಪೆಲ್ಲಿನ ಒಳಗೆ ಬೆಂಚುಗಳ ಕೆಳಗೆ ಬಗ್ಗಿ ನೋಡುತ್ತಿದ್ದಳು. ಅವಳ ಕೈ ಹಿಡಿದುಕೊಂಡು ನೇರ ಸಿಸ್ಟರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ, ‘ಪೆದ್ದ’ ಎಂದರೆ ಏನು ಎನ್ನುವುದರಿಂದ ಹಿಡಿದು.

ಸಿಸ್ಟರ್ ದಾಖಲಾತಿ ಪುಸ್ತಕ ತೆಗೆದು ಆ ಹೆಸರಿನ ಮೇಲೆ ಬೆರಳಿಟ್ಟರು. “ಮಗುವನ್ನು ನಾನು ಹೊರಗೆ ಹಾಕುವುದಿಲ್ಲ ಟೀಚರ್. ಆದರೆ ಇಲ್ಲದವರ ಹೆಸರಿನಲ್ಲಿ ಇಟ್ಟುಕೊಳ್ಳುವುದಕ್ಕೂ ಆಗುವುದಿಲ್ಲ. ಅಕ್ಕನದು ಮರಣ ಬರೆಸಲಿ, ಇವಳದು ಜನನ ಬರೆಸಲಿ. ಮತ್ತೆ ಮಗುವಿಗೆ ನಿಜ ಹೇಳಬೇಕು. ಅದನ್ನು ತಾಯಿಯೇ ಹೇಳಬೇಕು, ನಾವಲ್ಲ.”

ಅರ್ಜಿಗಳನ್ನು ನಾನೇ ತುಂಬಿ ಕೊಟ್ಟೆ, ನನ್ನ ಆ ಮುತ್ತಿನ ಅಕ್ಷರದಲ್ಲಿ. ತಾಯಿಯ ಸಹಿ ಒಂದು ಬಾಕಿ. ಮೂರು ವಾರ ಅವು ಅವಳ ಚೀಲದಲ್ಲೇ ಇದ್ದವು. ಕಿಟಕಿಯ ಹತ್ತಿರ ಕೇಳಿದರೆ ಮುಖ ತಿರುಗಿಸುತ್ತಿದ್ದಳು.

“ಇವಳನ್ನ ಬರೆಸಾಕೆ ಅವಳನ್ನ ಹೊಡೆದಾಕು ಅಂತೀರಲ್ಲ ಮಿಸ್. ಕೈ ಬರ್ತಿಲ್ಲ ನಂಗೆ.”

ನನಗೆ ರೇಗಿತು. ರೇಗಿದರೆ ನನ್ನ ನಾಲಿಗೆಗೆ ಹಿಡಿತವಿಲ್ಲ. “ಬದುಕಿರೋಳು ಸತ್ತೋಳನ್ನ ಬೆಂಚಿನ ಕೆಳಗೆಲ್ಲ ಹುಡುಕ್ತಾವ್ಳೆ ಕಣಮ್ಮ. ಅದನ್ನ ನೋಡ್ಕೊಂಡಿರಾಕೆ ನಿಂಗೆ ಮನಸ್ಸು ಬರ್ತದಾ?” ಎಂದೆ. ಅವಳು ಹೊರಟುಹೋದಳು. ನಾಲ್ಕು ದಿನ ಮಗುವೂ ಬರಲಿಲ್ಲ. ಇನ್ನು ಬರುವುದಿಲ್ಲ, ನಾನೇ ಓಡಿಸಿದೆ ಎಂದು ಊಟ ಸೇರಲಿಲ್ಲ ನನಗೆ.

ಐದನೆಯ ದಿನ ಇಬ್ಬರೂ ಬಂದರು. ಮಗು ಬೆಂಚಿನಲ್ಲಿ, ತಾಯಿ ಕಿಟಕಿಯಲ್ಲಿ. ಹಾಜರಿ ಕರೆಯುತ್ತಾ ಆ ಹೆಸರಿನ ಹತ್ತಿರ ಬಂದೆ. ಕರೆಯಲೋ ಬಿಡಲೋ ಎಂದು ತಾಯಿಯ ಕಡೆ ನೋಡಿದೆ. ಅವಳು ಹೂಂ ಎಂದು ತಲೆಯಾಡಿಸಿದಳು. ಕರೆದೆ.

ಚಿಕ್ಕವಳು ಬಾಯಿ ತೆರೆಯಲಿಲ್ಲ. ಕ್ಲಾಸೂ ಸುಮ್ಮನಿತ್ತು.

“ಬಂದಿಲ್ಲ ಮಿಸ್,” ಎಂದಳು ತಾಯಿ, ಕಿಟಕಿಯ ಆಚೆಯಿಂದ. ಮಕ್ಕಳೆಲ್ಲ ಒಟ್ಟಿಗೆ ಅತ್ತ ತಿರುಗಿದವು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಮಗಳನ್ನು. “ಅವಳು ಇನ್ಮೇಲೆ ಬರಲ್ಲ. ಸ್ಕೂಲಿಗೂ ಬರಲ್ಲ, ಮನೆಗೂ ಬರಲ್ಲ. ಸತ್ತೋದ್ಳು ಕಣಮ್ಮ ನಿಮ್ಮಕ್ಕ. ನಾವು ನಿಂಗೆ ಸುಳ್ಳು ಹೇಳಿದ್ವಿ.”

ಚಿಕ್ಕವಳು ಬೆಂಚಿನಿಂದ ಇಳಿದಳು. ಉದ್ದ ಯೂನಿಫಾರಂ ಕಾಲಿಗೆ ತೊಡರದ ಹಾಗೆ ಒಂದು ಕೈಯಲ್ಲಿ ಎತ್ತಿಕೊಂಡು ಕಿಟಕಿಯ ತನಕ ನಡೆದು ಹೋಗಿ, ಇನ್ನೊಂದು ಕೈಯಿಂದ ಕಂಬಿಯ ಮೇಲಿದ್ದ ತಾಯಿಯ ಬೆರಳು ಹಿಡಿದುಕೊಂಡಳು.

“ನಾನ್ ಬಂದಿದೀನಲ್ಲಮ್ಮ,” ಎಂದಳು.